ಶೇಂಗಾದ ಹಿಡಿತ

ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಕೇಳದವರಿಗೂ ವಿವರಿಸುವುದು. ಹೊಸಪೇಟೆಯ ಕಾಲೇಜಿನಲ್ಲಿ ನನ್ನ ಜೀವರಸಾಯನ ಪಾಠಕ್ಕೆ ಹುಡುಗರು ಆಕಳಿಸುತ್ತಾರೆ. ಅವ್ವ ಮಾತ್ರ ಕಿವಿಗೊಟ್ಟು ಕೇಳುತ್ತಾಳೆ. ಈ ಸಲ ಅದೇ ಮುಳುವಾಯಿತು. ಕಾಲೇಜಿನ ಫ್ರೀಜರ್ ಕೆಟ್ಟಿತೆಂದು ಒಂದು ಪುಟ್ಟ ಸೀಸೆಯನ್ನು ಮನೆಯ ಫ್ರಿಜ್ಜಿನಲ್ಲಿಟ್ಟೆ. ಸುಮ್ಮನಿರಲಾರದೆ ಹೇಳಿಯೂಬಿಟ್ಟೆ: ಇದು ಹಿಮದ ಕಡಲಿನ ಮೀನಿನ ರಕ್ತದಿಂದ ತೆಗೆದ ಪ್ರೋಟೀನು, ಮೈತುಂಬ ಸಕ್ಕರೆ ಹೊತ್ತಿರುತ್ತದೆ, ಮಂಜಿನ ಹರಳಿಗೆ ಅಂಟಿಕೊಂಡು ಅದನ್ನು ಬೆಳೆಯಗೊಡುವುದಿಲ್ಲ. ಅವ್ವನ ಕಿವಿಗೆ ಬಿದ್ದದ್ದು ಮೀನು ಮತ್ತು ರಕ್ತ ಮಾತ್ರ.

ಲಿಂಗಪೂಜೆ ಆಗದೆ ನೀರು ಮುಟ್ಟದವಳು ಅವಳು. ಅವಳ ಇನ್ಸುಲಿನ್ನೂ ಅದೇ ಫ್ರಿಜ್ಜಿನಲ್ಲಿತ್ತು. “ಮೀನಿನ ಮಗ್ಗಲಿಗೆ ಇಟ್ಟ ಔಷಧ ನನ್ನ ಮೈಗೆ ಬ್ಯಾಡ. ಅದು ಹೊರಗ ಹೋಗೋತನ ಸೂಜಿ ಚುಚ್ಚಿಸಿಕೊಳ್ಳಂಗಿಲ್ಲ,” ಅಂದಳು. ಮರುದಿನ ಅವಳಿಗೆ ವಿಪರೀತ ನೀರಡಿಕೆ, ಸುಸ್ತು. ನನಗೆ ಹೆದರಿಕೆಯಾಯಿತು. ಆದರೆ ಆ ಸೀಸೆಯೂ ಸಾಮಾನ್ಯದ್ದಲ್ಲ. ಹಿಂದೊಮ್ಮೆ ನಾನು ಸೇರಬೇಕಿದ್ದ ಚಳಿ ದೇಶದ ಪ್ರಯೋಗಾಲಯದಿಂದ ಗೆಳೆಯ ಕಳಿಸಿದ್ದು, ಇನ್ನೊಂದು ಸಿಗುವುದಿಲ್ಲ. ನಿವೃತ್ತಿಯ ಅಂಚಿನಲ್ಲಿರುವ ನನಗೆ ಉಳಿದ ಸಂಶೋಧನೆಯೆಂದರೆ ಅದೊಂದೇ.

ಸೀಸೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು, ಡ್ಯಾಂ ರಸ್ತೆಯಲ್ಲಿ ಮೀನು ಮಾರುವ ಹುಲಿಗೆವ್ವನ ಬಳಿ ಹೋದೆ. ಮೀನಿನದು ಮೀನಿನ ಪೆಟ್ಟಿಗೆಯಲ್ಲೇ ಇರಲಿ ಎಂಬುದು ನನ್ನ ಜಾಣತನ. ಅಲ್ಲಿಯೂ ವಿವರಿಸಿದೆ. “ಐಸ್ ಬೆಳಿಯಾಕ ಬಿಡಂಗಿಲ್ಲ ಅಂತೀರಿ, ಮತ್ತ ನನ್ನ ಪೆಟ್ಟಿಗ್ಯಾಗ ಇಡು ಅಂತೀರಿ. ನನ್ನ ಹೊಟ್ಟಿ ನಡಿಯೋದ ಐಸಿನ ಮ್ಯಾಲರಿ ಸರ,” ಎಂದು ಅವಳು ಕೈಮುಗಿದಳು.

ಇನ್ನುಳಿದದ್ದು ಕಾಲೇಜು. ಅಲ್ಲಿಯ ಫ್ರೀಜರ್ ಇನ್ನೂ ಕೆಟ್ಟೇ ಇತ್ತು. ಈ ಬಿಸಿಲಿಗೆ ಕೆಡುವ ಮೊದಲು ಒಂದು ಪ್ರಯೋಗವಾದರೂ ಆಗಲಿ ಎಂದು, ಕಂಪ್ಲಿಯ ಶೇಂಗಾದಿಂದ ತೆಗೆದು ಪುಡಿ ಮಾಡಿಟ್ಟಿದ್ದ ಲೆಕ್ಟಿನ್ ಎಂಬುದನ್ನು ಸೀಸೆಯ ಪ್ರೋಟೀನಿಗೆ ಬೆರೆಸಿದೆ. ಬೀಜದ ಈ ಪ್ರೋಟೀನಿಗೆ ಇಂಥ ಸಕ್ಕರೆ ಸಿಕ್ಕರೆ ಹಿಡಿದುಕೊಳ್ಳುವ ಗುಣ. ಹಿಡಿದುಕೊಂಡಿತು. ಸೂಕ್ಷ್ಮದರ್ಶಕದ ಕೆಳಗೆ, ಅಲ್ಲಿಯತನಕ ತೆಪ್ಪಗಿದ್ದ ಮಂಜಿನ ಹರಳು ಬೆಳೆಯತೊಡಗಿತು. ಸಕ್ಕರೆಯನ್ನು ಹಿಡಿದುಕೊಂಡರೆ ಮೀನಿನ ಪ್ರೋಟೀನಿನ ಆಟ ನಿಲ್ಲುತ್ತದೆಂಬ ನನ್ನ ಊಹೆ ನಿಜವಾಗಿತ್ತು. ಆದರೆ ಅದನ್ನು ಇನ್ನೊಬ್ಬರಿಗೆ ಮಾಡಿ ತೋರಿಸುವತನಕ ಸೀಸೆಯಲ್ಲಿ ಉಳಿದದ್ದು ಬಾಳುವಂತಿರಲಿಲ್ಲ. ಒಬ್ಬನೇ ನೋಡಿದೆ, ಒಬ್ಬನೇ ದುಃಖಪಟ್ಟೆ.

ಹೊಸ ಇನ್ಸುಲಿನ್ ಕೊಂಡು ಮನೆಗೆ ಬಂದೆ. ಅವ್ವ ಫ್ರಿಜ್ಜನ್ನು ತೊಳೆಸಿ ಕಾಯುತ್ತಿದ್ದಳು.

“ಏನಾತೋ ನಿನ್ನ ಮೀನಿಂದು?”

“ಶೇಂಗಾ ಅದನ್ನ ಗಟ್ಟ್ಯಾಗಿ ಹಿಡಕೊಂತು ಅವ್ವ. ಹಿಡಕೊಂಡ ಮ್ಯಾಲ ಅದರ ಕೈಲೆ ತನ್ನ ಕೆಲಸ ಆಗಲಿಲ್ಲ.”

ಅವ್ವ ಫ್ರಿಜ್ಜಿನ ಬಾಗಿಲು ಮುಚ್ಚಿ ನನ್ನತ್ತ ತಿರುಗಿದಳು. “ನೀ ಆ ಚಳಿ ದೇಶಕ್ಕ ಹೊಂಟಾಗ ನಾ ಅತ್ತು ಅತ್ತು ನಿನ್ನ ನಿಂದರಿಸಿದ್ದೆ. ಹಂಗಾರ ಆ ಶೇಂಗಾ ನಾನ ಅಲ್ಲೇನೋ?”

ಕೇಳದವರಿಗೂ ವಿವರಿಸುವ ನಾನು, ಕೇಳಿದವಳ ಮುಂದೆ ಹೊಸ ಇನ್ಸುಲಿನ್ನಿನ ಮುಚ್ಚಳ ತೆಗೆಯುತ್ತ ಕುಳಿತೆ.