ಬಿಸಿನೀರಿಗೆ ಬಿದ್ದ ಮಾವನವರ ಪಂಚೆ

"ಮಾವನೋರ ಪಂಚೆಗೆ ಇವತ್ತು ನೀಲಿ ಹಾಕೋನು ನಾನೇ!" ಎಂದು ಘೋಷಿಸಿಬಿಟ್ಟೆ. ಹನ್ನೊಂದು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಅರೆದು ಕುಡಿಸುತ್ತಿರುವ ನನಗೆ ಒಂದು ಪಂಚೆ ಯಾವ ಲೆಕ್ಕ?

ಮಾವ ಚನ್ನಮಲ್ಲಪ್ಪನವರು ತಿಪಟೂರಿನಿಂದ ವಿಜಯನಗರದ ನಮ್ಮ ಮನೆಗೆ ಬಂದಿದ್ದರು. ಮರುದಿನ ಬಸವೇಶ್ವರನಗರದ ಹೆಣ್ಣಿನ ಮನೆಯಲ್ಲಿ ಅವರ ಮಗನ ನಿಶ್ಚಿತಾರ್ಥ. ತಂದದ್ದು ಒಂದೇ ಒಳ್ಳೆಯ ಪಂಚೆ. ಮದುವೆಯಾದಾಗಿನಿಂದ ಅವರ ಬಾಯಿಂದ ಒಂದು 'ಭೇಷ್' ಕೇಳಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು.

ನನ್ನಾಕೆ ಜಗದಾಂಬಾ ನೀಲಿ ಪುಡಿಯನ್ನು ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ತಣ್ಣೀರಿನ ಬಕೆಟ್ಟಿನಲ್ಲಿ ಆಡಿಸಿ, ಬೊಗಸೆಯಲ್ಲಿ ನೀರೆತ್ತಿ ಬಣ್ಣ ನೋಡಿ, ಮತ್ತೆ ಆಡಿಸುತ್ತಾಳೆ. ಅರ್ಧ ಗಂಟೆಯ ಪೂಜೆ!

"ಬಿಸಿನೀರಲ್ಲಿ ಬಣ್ಣ ತಾನಾಗೇ ಬೇಗ ಹರಡತ್ತೆ ಕಣೇ! ಎರಡು ಗ್ಲಾಸಲ್ಲಿ ಇಂಕು ಬಿಟ್ಟು ಮಕ್ಕಳಿಗೆ ತೋರಿಸ್ತೀನಲ್ಲ!"

"ರೀ, ಅದು ಗ್ಲಾಸು. ಇದು ಅಪ್ಪಾಜಿ ಪಂಚೆ!"

ಕೇಳುವವರಾರು? ಹಂಡೆಯಿಂದ ಬಿಸಿನೀರು ಬಕೆಟ್ಟಿಗೆ ಸುರಿದೆ. ಗಂಟಿನ ಗೊಡವೆಯೇಕೆಂದು ಪುಡಿಯನ್ನು ಹಾಗೆಯೇ ಉದುರಿಸಿ, ಪಂಚೆ ಅದ್ದಿದೆ. ವಿಜ್ಞಾನ ಗೆದ್ದಿತು! ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ನೀರಿಗೆಲ್ಲ ಹರಡಿ, ಪಂಚೆಗೂ ದಟ್ಟ ಕಲೆಯಾಗಿ ಅಂಟಿತು! ತಣ್ಣೀರಾಗಿದ್ದರೆ 'ಸಾಕು' ಎನ್ನುವುದಕ್ಕಾದರೂ ಪುರುಸೊತ್ತು ಸಿಗುತ್ತಿತ್ತು. ಕಲೆ ಬಿಡಲೆಂದು ಇನ್ನೆರಡು ಚೊಂಬು ಬಿಸಿನೀರು ಹೊಯ್ದು ತಿಕ್ಕಿದೆ. ಅಂಗೈಯಗಲವಿದ್ದ ಕಲೆ ಮೊಳದಗಲವಾಯಿತು. ನನ್ನ ಕೈ ಮೊಣಕೈವರೆಗೆ ನೀಲಿ!

ಜಗದಾಂಬಾ ಬಂದು ನೋಡಿದಳು. "ಹರಡ್ತಲ್ಲ, ಸಮಾಧಾನ ಆಯ್ತಾ?"

ಮಾವನವರು ಪಂಚೆಯನ್ನು ಬಿಡಿಸಿ ನೋಡಿ, ತಾವೇ ಹಗ್ಗದ ಮೇಲೆ ಹರವಿದರು. ಬೈದಿದ್ದರೇ ಚೆನ್ನಾಗಿತ್ತು! ಮರುದಿನ ಬೆಳಿಗ್ಗೆ ನನ್ನ ಬೀರುವಿನಲ್ಲಿದ್ದ ಒಂದೇ ಒಂದು ಬಿಳಿ ಪಂಚೆಯನ್ನು ತಾವು ಉಟ್ಟು, ತಮ್ಮದನ್ನು ನನ್ನ ಕೈಗಿತ್ತರು. "ಗಂಡಿನ ಕಡೆಯೋರು ಪ್ಯಾಂಟ್ ಹಾಕ್ಕೊಂಡು ಬರೋ ಹಾಗಿಲ್ಲ, ಅಳಿಯಂದ್ರೇ. ಇದನ್ನೇ ಉಟ್ಕೊಳ್ಳಿ."

ಉಟ್ಟೆ. ಹೋದೆ. ಬಾಗಿಲಲ್ಲೇ ಹೆಣ್ಣಿನ ಅಜ್ಜಿ ನನ್ನ ಕೈ, ಪಂಚೆ ಎರಡನ್ನೂ ನೋಡಿ ತಡೆದರು.

"ಪೇಂಟಿಂಗ್ ಕೆಲಸ ನಿನ್ನೇನೇ ಮುಗೀತಲ್ಲಪ್ಪಾ. ಮತ್ಯಾಕೆ ಬಂದೆ?"

ಮಾನ ಉಳಿಸಿ ಎಂದು ಮಾವನವರ ಕಡೆ ದೈನ್ಯದಿಂದ ನೋಡಿದೆ. ಅವರು ಮಲ್ಲಿಗೆಯಂಥ ನನ್ನ ಪಂಚೆಯ ನಿರಿಗೆ ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು:

"ಅವರು ನಮ್ಮ ಅಳಿಯಂದ್ರು ತಾಯಿ, ಸೈನ್ಸ್ ಮೇಷ್ಟ್ರು. ಒಳಗೆ ಬಿಡಿ, ಕಾಫಿ ಕೊಡಿ. ಬಚ್ಚಲುಮನೆ ಕಡೆ ಮಾತ್ರ ಬಿಡ್ಬೇಡಿ!"