ಮಂಗನ ಪಕ್ಕ ಕೂತ ಹುಡುಗಿ

ಹಳೇ ವಿಡಿಯೊ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವವನನ್ನು ನಂಬಬಾರದು ಅಂತ ಹುಬ್ಬಳ್ಳಿಯವರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ದುರ್ಗದಬೈಲ್‌ನ ನನ್ನ ಅಂಗಡಿಗೆ ಬಂದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಹಿಂಬಾಗಿಲು ಎಲ್ಲಿದೆ ಅಂತ ನೋಡುತ್ತಾರೆ. ಅವರ ಮದುವೆಯ ಊಟದ ಪಂಕ್ತಿಯನ್ನು ಕದ್ದು ನಾನೇನು ಮಾಡಲಿ? ಆದರೂ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಈ ಮಳೆಗಾಲದಲ್ಲಿ ಗೋಕುಲ ರಸ್ತೆಯಿಂದ ಬಂದ ಒಬ್ಬ ಅಕ್ಕನವರು ಮಾತ್ರ ಎಲ್ಲರನ್ನೂ ಮೀರಿಸಿಬಿಟ್ಟರು.

ಗಿರಣಿ ಪದ್ಧತಿ

ಚೀಲದೊಳಗೆ ಚೀಲ, ಅದರೊಳಗೆ ಟವೆಲ್ಲು, ಟವೆಲ್ಲಿನೊಳಗೆ ಕ್ಯಾಸೆಟ್ಟು.

"ಇದರಾಗ ಏನೈತ್ರಿ ಅಕ್ಕಾರ?" ಅಂದೆ.

"ನಾ ಅದೇನಿ," ಅಂದರು.

ಕಥೆ ಇಷ್ಟು. ಅವರು ಸಣ್ಣವರಿದ್ದಾಗ ಟಿವಿಯಲ್ಲಿ ಮಕ್ಕಳ ಗೊಂಬೆಯಾಟ ಬರುತ್ತಿತ್ತು. ಸಾಲಿ ಟ್ರಿಪ್ಪಿಗೆ ಬೆಂಗಳೂರಿಗೆ ಹೋದಾಗ ಅವರನ್ನೂ ಸ್ಟುಡಿಯೋದಲ್ಲಿ ಗೊಂಬೆಗಳ ಜೊತೆ ಕೂರಿಸಿದ್ದರಂತೆ. ಮಂಗನ ಗೊಂಬೆ ಪ್ರೀತಿಯಿಂದ ಇವರ ಕೈ ಹಿಡಿದಿತ್ತಂತೆ. ಆ ನೇರ ಪ್ರಸಾರವನ್ನು ಸೋದರಮಾವ ತಮ್ಮ ಮನೆಯಲ್ಲಿ ರೆಕಾರ್ಡ್ ಮಾಡಿದ್ದರು. ಆ ಕ್ಯಾಸೆಟ್ಟು ಮೊನ್ನೆ ಮಾವನ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಮೇಲೆ ಸಿಕ್ಕಿತ್ತು.

"ಮನ್ಯಾಗ ಒಬ್ಬರೂ ನಂಬಂಗಿಲ್ರಿ. ನಮ್ಮನಿಯವರಂತೂ ಮಂದಿ ಮುಂದ ನಕ್ಕಬಿಡ್ತಾರ. ಈಗ ಮೊಮ್ಮಗಳೂ 'ಅಜ್ಜಿ ಬಂಡಲ್ ಬಿಡ್ತಾಳ' ಅನ್ನಾಕತ್ತಾಳ. ಇದರಾಗೂ ಕಾಣಲಿಲ್ಲಂದ್ರ ನಾ ಇನ್ನ ಆ ಮಾತ ತಗಿಯಂಗಿಲ್ಲ."

ಆ ಮಾತು ಹೇಳುವಾಗ ಅವರ ದನಿ ಸಣ್ಣದಾಯಿತು. ನನಗೂ ಪಾಪ ಅನ್ನಿಸಿತು. ಕ್ಯಾಸೆಟ್ಟಿಗೆ ಕೈ ಚಾಚಿದೆ, ಅವರು ಹಿಂದಕ್ಕೆ ಎಳೆದುಕೊಂಡರು.

"ತಡೀರಿ ಅಣ್ಣಾರ. ಇದಕ್ಕ ಮೊದಲ ಮಷಿನ್ಯಾಗ ಯಾರದ್ದ ಹಾಕಿದ್ರಿ?"

"ಒಂದ ಲಗ್ನದ್ದರೀ."

"ಹಂಗಾರ ಸ್ವಲ್ಪ ಹೊತ್ತ ಖಾಲಿ ಓಡಸ್ರಿ. ಮೆಣಸಿನಕಾಯಿ ಬೀಸಿದ ಗಿರಣ್ಯಾಗ ಜೋಳ ಹಾಕಿದ್ರ ರೊಟ್ಟಿ ಖಾರ ಆಗ್ತಾವ. ನನ್ನ ಗೊಂಬಿ ಆಟದಾಗ ಯಾರದೋ ಬೀಗರು ಬಂದ ಕುಂತ್ರ ಏನ ಮಾಡೂದು?"

ಖಾಲಿ ಓಡಿಸಿದೆ. ಬೀಗರೆಲ್ಲ ಇಳಿದು ಹೋದರೆಂದು ಖಾತ್ರಿಯಾದ ಮೇಲೆಯೇ ಅಕ್ಕನವರು ಕ್ಯಾಸೆಟ್ಟು ಕೊಟ್ಟರು.

ನಡುವಿನ ಮಾಲು

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಒರೆಸಿ ಸರಿ ಮಾಡಲು ಒಂದು ದಿನ ಕೇಳಿಕೊಂಡೆ. ಮರುದಿನ ಅಕ್ಕನವರಿಗಿಂತ ಮೊದಲು ಅವರ ಯಜಮಾನರು ಬಂದರು. ಕಾಳಿನ ವ್ಯಾಪಾರದಲ್ಲಿ ತಲೆ ನರೆತ ಸಾವ್ಕಾರರು. ಕೂತವರೇ ನನ್ನ ಕಂಪ್ಯೂಟರನ್ನು ಓರೆಗಣ್ಣಿನಿಂದ ನೋಡಿದರು.

"ನಮ್ಮಕಿ ನಿಮಗ ತನ್ನ ಸಣ್ಣಂದಿನ ಫೋಟೋ ಏನರ ಕೊಟ್ಟಾಳೇನ?"

"ಇಲ್ರಿ, ಯಾಕ್ರಿ?"

"ಈಗ ಕಂಪ್ಯೂಟರ್‌ನ್ಯಾಗ ಸತ್ತವರನ್ನೂ ಮಾತಾಡಸ್ತಾರ. ಒಂದ ಹುಡುಗೀನ ತಂದ ಮಂಗ್ಯಾನ ಬಾಜೂಕ ಕುಂದರಸೂದು ಏನ ದೊಡ್ಡ ಮಾತ?"

ನಾನು ಆಣೆ ಪ್ರಮಾಣ ಮಾಡಿದೆ. ಅವರು ಕೇಳಲಿಲ್ಲ. "ಚೀಲದ ಬಾಯಾಗ ಎಲ್ಲಾರೂ ಛಲೋ ಕಾಳ ಇಟ್ಟಿರ್ತಾರ. ನಡುವ ತೋರಸ್ರಿ," ಅಂದರು. ಸುಮ್ಮನೆ ಟೇಪನ್ನು ಮುಂದೋಡಿಸಿ ನಡುವೆ ನಿಲ್ಲಿಸಿದೆ. ಗೊಂಬೆಯಾಟ ಮುಗಿದು, ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಯಾರೋ ತಜ್ಞರು ಮಾತಾಡುತ್ತಿದ್ದರು. ಎಮ್ಮೆಗೂ ಬೇಸರ ಬಂದಂತಿತ್ತು. ಸಾವ್ಕಾರರು ಬಹಳ ಹೊತ್ತು ನೋಡಿ ತಲೆಯಾಡಿಸಿದರು.

"ಮಾಲು ಖರೇ ಐತಿ. ಇಂಥಾದ್ದನ್ನ ಕಂಪ್ಯೂಟರ್ ಸೈತ ತಾನಾಗಿ ಮಾಡಂಗಿಲ್ಲ."

ಬಣ್ಣದ ಮಂಗ

ಅಷ್ಟರಲ್ಲಿ ಅಕ್ಕನವರೂ ಬಂದರು. ಅಂಗಡಿಯ ದೊಡ್ಡ ಟಿವಿಯಲ್ಲಿ ಟೇಪನ್ನು ಮೊದಲಿಂದ ಹಚ್ಚಿದೆ. ಕೆಂಪು ಅಂಗಿಯ ಮಂಗ, ಹಸಿರು ಗಿಳಿ ಕುಣಿಯುತ್ತ ಬಂದವು. ಅಕ್ಕನವರು ಎದ್ದು ನಿಂತರು.

"ಅಣ್ಣಾರ, ಇದ ನಂದಲ್ಲ. ಬದಲಾಗೇತಿ. ನಮ್ಮ ಮಂಗ್ಯಾಂದು ಬೂದಿ ಬಣ್ಣದ ಅಂಗಿ."

"ನಿಮ್ಮ ಮನ್ಯಾಗ ಯಾವ ಟಿವಿ ಇತ್ರಿ?"

"ಕರಿ-ಬಿಳಿದು."

ನಾನು ನಕ್ಕೆ. ಸಾವ್ಕಾರರು ನಗಲಿಲ್ಲ. ವ್ಯಾಪಾರಿ ತಲೆ, ತಕ್ಷಣ ಹಿಡಿದರು. "ಅಲ್ಲ, ನೀ ಖರೇನ ಬಾಜೂಕ ಕುಂತಿದ್ದಿ ಅಂದ್ರ ಬಣ್ಣ ಕಣ್ಣಾರೆ ಕಂಡಿರಬೇಕಲ್ಲ?"

ಅಕ್ಕನವರ ಮುಖ ಇಳಿಯಿತು. ನಿಜ ಹೇಳಬೇಕೆಂದರೆ ನನಗೂ ಸಂಶಯ ಬಂತು. ಇಷ್ಟು ವರ್ಷ ಹೇಳಿ ಹೇಳಿ ಸುಳ್ಳನ್ನೇ ನಂಬಿದ್ದಾರೋ ಏನೋ ಅಂದುಕೊಂಡೆ.

"ಬಾಜೂಕ ಕುಂತಿದ್ದು ಒಂದ ಸಲ," ಅಂದರು ಮೆಲ್ಲಗೆ. "ಮನ್ಯಾಗ ನೋಡಿದ್ದು ವರ್ಷಾನಗಟ್ಟಲೆ. ಅಣ್ಣಾರ, ಒಂಚೂರ ಬಣ್ಣ ತಗೀರಿ."

ಟಿವಿಯಲ್ಲಿ ಬಣ್ಣ ಪೂರ್ತಿ ಇಳಿಸಿದೆ. ಮಂಗನ ಅಂಗಿ ಬೂದಿ ಬಣ್ಣವಾಯಿತು. ಅಕ್ಕನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಂ, ಈಗ ಬಂತ ನೋಡ್ರಿ ನಂದು," ಅಂದರು. ಮೂವತ್ತು ಸಾವಿರದ ಟಿವಿಯಲ್ಲಿ ನಾವು ಮೂವರೂ ಕರಿ-ಬಿಳಿ ನೋಡುತ್ತ ಕೂತೆವು.

ಮೇಜಿನ ಬಟ್ಟೆ

ಕೊನೆಗೆ ಮಕ್ಕಳು ಬಂದರು. ಉದ್ದನೆಯ ಮೇಜು, ಅದಕ್ಕೆ ನೆಲ ಮುಟ್ಟುವ ಬಟ್ಟೆ, ಮೇಲೆ ಗೊಂಬೆಗಳು, ಮುಂದೆ ಎರಡು ಜಡೆಯ ನಾಲ್ವರು ಹುಡುಗಿಯರು. ಸರಿಯಾಗಿ ಮುಖಗಳ ಮೇಲೆಯೇ ಟೇಪಿನ ಬಿಳಿ ಗೆರೆಗಳು ಓಡುತ್ತಿದ್ದವು.

"ಮಂಗ್ಯಾನ ಬಾಜೂಕ ಇದ್ದಾಕಿನ ನಾನು," ಅಂದರು ಅಕ್ಕನವರು.

"ಮಾರಿನ ಕಾಣವಲ್ದು," ಅಂದರು ಸಾವ್ಕಾರರು. "ಆಕಿ ಕಡ್ಡಿಯಂಗ ಅದಾಳ. ಯಾರರ ಇರಬಹುದು."

ನಾನು ಎಷ್ಟು ತಿದ್ದಿದರೂ ಗೆರೆ ಹೋಗಲಿಲ್ಲ. ಅಕ್ಕನವರು ಚೀಲ ಮಡಚತೊಡಗಿದರು. ನನಗೆ ಬಹಳ ಕೆಟ್ಟದೆನಿಸಿತು.

ಆಗ ಮಂಗ ಆ ಹುಡುಗಿಗೆ, "ನಾನು ಕಾಡಿನಿಂದ ನಡೆದುಕೊಂಡು ಬಂದೆ. ನಿನ್ನ ಹೆಸರೇನು ಪುಟ್ಟಿ?" ಅಂತ ಕೇಳಿತು. ಹುಡುಗಿ ಹೆಸರು ಹೇಳಲಿಲ್ಲ. ಮಂಗನನ್ನು ಮೇಲಿಂದ ಕೆಳಗೆ ನೋಡಿದಳು. ಬಗ್ಗಿ ಮೇಜಿನ ಬಟ್ಟೆಯನ್ನು ಸರ್ರನೆ ಎತ್ತಿದಳು. ಒಳಗೆ ಬೋಳುತಲೆಯವರೊಬ್ಬರು ಕೈ ಮೇಲೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಗಿಳಿ ಕೆಳಗೆ ಬಿತ್ತು. ಮಂಗ ಗಾಬರಿಯಿಂದ ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಪ್ರೀತಿಯಿಂದಲ್ಲ, ಬಟ್ಟೆ ಬಿಡಿಸಲಿಕ್ಕೆ. ಹುಡುಗಿ ಬಿಡಲಿಲ್ಲ. ಪರದೆಯ ಮೇಲೆ 'ತಡೆಗಾಗಿ ಕ್ಷಮಿಸಿ' ಬಂತು.

ಸಾವ್ಕಾರರು ಕುರ್ಚಿಯಿಂದ ಜಿಗಿದೆದ್ದರು. "ಇಕಿನ! ಇಕಿನ ನಮ್ಮಕಿ! ಲಗೂ ಹಾಕಿ ಕೊಡ್ರಿ, ಮೊಮ್ಮಗಳಿಗೆ ನಾನ ತೋರಸ್ತೇನಿ!"

"ಮಾರಿ ಕಾಣವಲ್ದು ಅಂದ್ರೆಲ್ರೀ?" ಅಂದೆ.

"ಮಾರಿ ಯಾಕ ಬೇಕ್ರಿ? ನಮ್ಮ ಲಗ್ನದಾಗ ಅಂತರಪಟ ಹಿಡದಾಗ, ಆ ಕಡೆ ನಿಂತಾವ ನಾನೋ ಬ್ಯಾರೆಯವನೋ ಅಂತ ಅದನ್ನ ಹಿಂಗ ಎತ್ತಿ ನೋಡಿದಾಕಿ ಇಕಿ!"