ಅತ್ತೆಯ ಕೊನೆಯ ಹೆಣಿಗೆ ಮತ್ತು ನನ್ನ ಸುತ್ತಳತೆ

ಅತ್ತೆಯ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡಿಯೇ ಹೇಳಬಲ್ಲ ಅಳಿಯ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬನಿದ್ದರೆ ಅದು ನಾನು! ಈ ಮಾತನ್ನು ಅತ್ತೆ ಬದುಕಿದ್ದಾಗ ಅವರೆದುರಿಗೇ ಹೇಳುತ್ತಿದ್ದೆ. ಅವರು ಹೆಣಿಗೆಯ ಕಡ್ಡಿಗಳಿಂದ ಕಣ್ಣೆತ್ತದೆ ಗಂಟಲಲ್ಲೇ 'ಗುಳುಕ್' ಎಂದು ನಗುತ್ತಿದ್ದರು. ಅದು ಮೆಚ್ಚುಗೆಯ ನಗೆ ಎಂದೇ ನಾನು ತಿಳಿದಿದ್ದೆ.

ಮಾವ ತೀರಿಕೊಂಡ ಮೇಲೆ ಕಡ್ಡಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದವರು, ಮತ್ತೆ ಅದನ್ನು ಕೆಳಗಿಡಲಿಲ್ಲ. ಅಳು ಬಂದರೂ ಹೆಣೆದರು, ಮೊಮ್ಮಗಳು ಹುಟ್ಟಿದರೂ ಹೆಣೆದರು, ಕರೆಂಟು ಹೋದರೂ ಹೆಣೆದರು. ಮಗಳಿಗೆ, ಮೊಮ್ಮಗಳಿಗೆ ಹೆಣೆದು ಸಾಕಾದ ಮೇಲೆ ಸಾಮಾನುಗಳ ಕಡೆ ತಿರುಗಿದರು. ರೇಡಿಯೋಗೆ ಅಂಗಿ, ಮಿಕ್ಸಿಗೆ ಕುಲಾವಿ, ಕುರ್ಚಿಯ ನಾಲ್ಕೂ ಕಾಲಿಗೆ ಕಾಲುಚೀಲ! ಕರೆಂಟಿನ ಮೀಟರ್ ನೋಡಲು ಬಂದವನು ಅದರ ಅಂಗಿಯ ಗುಂಡಿ ಬಿಚ್ಚುವಾಗ ನಾಚಿಕೊಂಡು ಮುಖ ಆಚೆ ತಿರುಗಿಸಿದ್ದುಂಟು. ಇಷ್ಟು ಬೆಚ್ಚಗಿನ ಮನೆಯಲ್ಲಿ ನನಗೆ ಮಾತ್ರ ಒಂದು ಟೋಪಿಯೂ ಇಲ್ಲ! ಕೇಳಿದರೆ, "ಅಳಿಯಂದಿರದು ದೊಡ್ಡ ಕೆಲಸ, ಅಂಗಡೀಲಿರೋ ಉಲ್ಲನ್ ಸಾಲೋಲ್ಲ" ಎನ್ನುತ್ತಿದ್ದರು.

ಅಂಥ ಅತ್ತೆ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು ಕೂತಂತೆಯೇ ಹೊರಟುಹೋದರು. ತೊಡೆಯ ಮೇಲೆ ಮುಗಿಯದ ಹೆಣಿಗೆ. ನೀಲಿ ಉಲ್ಲನ್ನಿನ ದೊಡ್ಡದೊಂದು ಕೊಳವೆ. ಕೊನೆಯ ಸುತ್ತಿನ ಕುಣಿಕೆಗಳು ಇನ್ನೂ ಕಡ್ಡಿಯ ಮೇಲೇ ಇದ್ದವು. ನನ್ನವಳು ಅದನ್ನು ಹಾಗೇ ಎತ್ತಿ ಎದೆಗೊತ್ತಿಕೊಂಡಳು. ಎಷ್ಟೋ ದಿನ ಯಾರಿಗೂ ಮುಟ್ಟಗೊಡಲಿಲ್ಲ.

"ಅದು ನನ್ನ ಸ್ವೆಟರ್ ಕಣೇ," ಎಂದೆ ಒಂದು ದಿನ.

"ನಿಮಗೆ ಅಂತ ಅಮ್ಮ ಹೇಳಿದ್ಳಾ?"

"ಹೇಳೋದೇನು ಬಂತು! ಮಧ್ಯಾಹ್ನ ನಾನು ಮಲಗಿದ್ದಾಗ ಹೊಟ್ಟೆ ಸುತ್ತ ನೂಲು ಸುತ್ತಿ ಅಳತೆ ತಗೊಂಡ್ರು. ಅರೆಗಣ್ಣಲ್ಲಿ ನಾನೇ ನೋಡಿದೀನಿ."

"ತೋಳೇ ಇಲ್ವಲ್ರೀ?"

"ಆಮೇಲೆ ಬರ್ತಿತ್ತು."

"ಮುಂದೆ ಇಲ್ಲೊಂದು ತೂತಿದೆ?"

"ಗಾಳಿ ಆಡೋಕೆ. ನನಗೆ ಸೆಕೆ ಜಾಸ್ತಿ ಅಂತ ಅವರಿಗೆ ಗೊತ್ತಿತ್ತು."

ಅವಳು ನಗಲಿಲ್ಲ. "ನಿಮಗೇ ಅಂತಿದ್ರೆ ನಿಮಗೇ ಆಗ್ಲಿ. ಆದ್ರೆ ನಾನು ಮುಗಿಸಲ್ಲ. ಇದು ಮುಗಿದ್ರೆ ಅಮ್ಮಾನೂ ಮುಗಿದ ಹಾಗಾಗುತ್ತೆ."

"ಹಾಗಾದ್ರೆ ನಾನೇ ಮುಗಿಸ್ತೀನಿ!" ಎಂದು ಗರ್ಜಿಸಿದೆ.

"ಅಮ್ಮ ಹಾಕಿದ ಒಂದೇ ಒಂದು ಎಳೆ ಹಾಳಾಗ್ಲಿ, ಆಮೇಲೆ ಇದೆ ನಿಮಗೆ!"

ಹೆಣಿಗೆಯಲ್ಲಿ ಏನಿದೆ? ಅಷ್ಟು ವರ್ಷ ಎದುರಿಗೇ ಕೂತು ನೋಡಿಲ್ಲವೇ? ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತಾ, ಕೊಳವೆಯ ಬಾಯನ್ನು ಕಿರಿದುಗೊಳಿಸುತ್ತಾ ನನ್ನ ತಲೆಯ ಅಳತೆಗೆ ತಂದೆ. ಕೊನೆಯ ಸುತ್ತಿಗೆ ಬಂದಾಗ ನನ್ನವಳು ಇಣುಕಿದಳು.

"ಸಡಿಲವಾಗಿ ಮುಗಿಸ್ರೀ. ಬಾಯಿ ಬಿಗಿಯಾದ್ರೆ ತಲೆ ತೂರಲ್ಲ."

"ನಿಮ್ಮಮ್ಮನ ನೆನಪು ಸಡಿಲ ಆಗಬಾರದು ಕಣೇ!" ಎಂದು, ಮೂಟೆಯ ಬಾಯಿ ಕಟ್ಟುವ ಹಮಾಲನಂತೆ ಎಳೆದೆಳೆದು ಬಿಗಿದೆ. ತುದಿಗೆ ಹಾಕಿದ ಗಂಟಿಗೆ ಆನೆ ಕಟ್ಟಿದ್ದರೂ ಅದು ಅಲ್ಲೇ ಮುದಿಯಾಗುತ್ತಿತ್ತು!

ಕೈಗಳೆರಡನ್ನೂ ಮೈಗೆ ಅಂಟಿಸಿಕೊಂಡು ನಿಂತೆ. ಅವಳು ಮೇಲಿನಿಂದ ತೊಡಿಸಿದಳು. ತಲೆ ಹೊರಬರುವಾಗ ಕಿವಿಗಳು ಕೈಬಿಟ್ಟು ಹೋದವೆಂದೇ ಭಾವಿಸಿದೆ. ಆದರೆ ಹೊಟ್ಟೆಯ ಸುತ್ತ, ಆಹಾ! ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿತು.

"ನೋಡಿದ್ಯಾ? ಈ ಅಳತೆ ಜಗತ್ತಿನಲ್ಲಿ ಇನ್ಯಾರಿಗಿದೆ?"

"ಸರಿ, ಈಗ ತೆಗೀರಿ. ತೋಳಿಗೆ ಏನು ಮಾಡೋದು ನೋಡೋಣ."

ತೆಗೆಯಲು ಹೋದರೆ ಬರಲೊಲ್ಲದು! ಗದ್ದದ ಹತ್ತಿರ ಒಂದು ಕದನ, ಮೂಗಿನ ಹತ್ತಿರ ಮಹಾಯುದ್ಧ. ಒಳಗೆ ಕೈಗಳು ಸೆರೆ. ಮುಂದಿನ ತೂತಿನಿಂದ ಒಂದು ಬೆರಳು ಮಾತ್ರ ಹೊರಗೆ ಬಂದು ಸಹಾಯಕ್ಕಾಗಿ ಆಡತೊಡಗಿತು. ಗಲಾಟೆ ಕೇಳಿ ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದು ಓಡಿಬಂದ.

"ಅಯ್ಯೋ, ಒಂದು ಕಚಕ್ ಅಷ್ಟೇ ಸಾರ್!"

"ಕತ್ತರಿ ಕೆಳಗಿಡಿ!" ನನ್ನವಳು ಅಡ್ಡ ಬಂದಳು. "ಅದು ನಮ್ಮಮ್ಮನ ಕೊನೇ ಹೆಣಿಗೆ."

"ಹಾಗಾದ್ರೆ ಸಾರ್ ಗತಿ?"

"ಅವರು ಹಾಗೇ ಇರ್ಲಿ."

"ಊಟ?"

"ಬಾಯಿ ಹೊರಗಿದೆಯಲ್ಲ!"

ದರ್ಜಿ ನನ್ನನ್ನು ಕನಿಕರದಿಂದ ನೋಡಿ, "ಕೆಳಗಿನ ಅಂಚಿಂದ ಬಿಚ್ಚಿದ್ರೆ?" ಎಂದ.

"ಶುರುವಿನ ಅಂಚು ಹಾಗೆಲ್ಲ ಬಿಚ್ಚಲ್ಲ. ಮುಗಿಸಿದ ತುದಿಯಿಂದ್ಲೇ ಬಿಚ್ಚಬೇಕು. ಆ ತುದೀನ ಇವರು ಗಂಟು ಹಾಕಿ ಸಾಯ್ಸಿ ಇಟ್ಟಿದಾರೆ. ರೀ, ಬಗ್ಗಿ ನೀವು, ಇನ್ನೊಂದ್ಸಲ ಎಳೀತೀನಿ!"

ಬಗ್ಗಿದೆ. ಅವಳು ಗೋಡೆಗೆ ಕಾಲು ಕೊಟ್ಟು ಎಳೆದಳು. ಕೈ ಜಾರಿತು! ನಾನು ಬಿಲ್ಲಿನಿಂದ ಬಿಟ್ಟ ಬಾಣದಂತೆ, ಬಾಣಕ್ಕೆ ನನ್ನಷ್ಟು ಹೊಟ್ಟೆ ಇರಬಹುದಾದರೆ, ಹಿಮ್ಮುಖವಾಗಿ ಅಡುಗೆಮನೆಗೆ ಹಾರಿ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಡ್ರಮ್ಮಿಗೆ ಢಂ ಎಂದು ಬಡಿದು ಅದರ ಪಕ್ಕದಲ್ಲೇ ಕುಕ್ಕರಿಸಿದೆ.

ನನ್ನವಳು ಓಡಿಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ನನ್ನನ್ನು ನೋಡಿದಳು. ಡ್ರಮ್ಮನ್ನು ನೋಡಿದಳು. ತೂತಿನಿಂದ ಹೊರಬಂದಿದ್ದ ನನ್ನ ಬೆರಳನ್ನು ನೋಡಿದಳು. ಡ್ರಮ್ಮಿನ ನಲ್ಲಿಯನ್ನು ನೋಡಿದಳು.

"ರೀ," ಎಂದಳು ಮೆಲ್ಲಗೆ, "ಅಲ್ಲಾಡಬೇಡಿ."

ಒಂದು ದಬ್ಬಳ ತಂದು ನನ್ನ ಬೆನ್ನ ಹಿಂದೆ ಕೂತಳು. ಆನೆಯ ಗಂಟು ಸಡಿಲವಾಗುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು. ಆಮೇಲೆ ಸರಸರ ಎಳೆದಳು. ನಾನು ದಿನಗಟ್ಟಲೆ ಹೆಣಗಿದ್ದು ಕ್ಷಣದಲ್ಲಿ ಉಂಡೆಯಾಯಿತು. ಒಂದು ಸಾಲಿಗೆ ಬಂದಾಗ ಅವಳ ಕೈ ತಾನಾಗಿ ನಿಂತಿತು.

"ಯಾಕೆ ನಿಲ್ಸಿದೆ?"

"ಇಲ್ಲಿಂದ ಅಮ್ಮ," ಎಂದಳು. ಆ ಸಾಲಿನ ಮೇಲೆ ಬೆರಳಾಡಿಸಿದಳು. ಅಲ್ಲಿಂದ ಕೆಳಗೆ ಕುಣಿಕೆಗಳು ಶಾಲೆಯ ಮಕ್ಕಳು ಸಾಲಾಗಿ ನಿಂತಂತಿದ್ದವು. ಒಂದೂ ಹಾಳಾಗಿರಲಿಲ್ಲ.

ಕೊಳವೆ ಕಾಲಿನ ಕಡೆಯಿಂದ ಜಾರಿತು. ನನ್ನವಳು ಅಲ್ಲೇ ನೆಲದ ಮೇಲೆ ಕೂತು ಕಡ್ಡಿ ಎತ್ತಿಕೊಂಡಳು. ಮುಗಿಸುವುದಿಲ್ಲ ಎಂದವಳು, ಕಣ್ಣೊರೆಸಿಕೊಳ್ಳುತ್ತಾ, ನಡುನಡುವೆ ನನ್ನ ಕಡೆ ನೋಡಿ ನಗುತ್ತಾ, ಮುಗಿಸಿಯೇಬಿಟ್ಟಳು. ಸಡಿಲವಾಗಿ! ದರ್ಜಿಯೂ ನಾನೂ ಡ್ರಮ್ಮನ್ನು ಮುಂದಕ್ಕೆಳೆದೆವು. ಅವಳು ಮೇಲಿನಿಂದ ತೊಡಿಸಿದಳು. ಬುಡದವರೆಗೂ ಒಂದು ಸುಕ್ಕಿಲ್ಲ! ಮುಂದಿನ ತೂತಿನಿಂದ ನಲ್ಲಿ ಠೀವಿಯಿಂದ ಮೂಗು ಹೊರಹಾಕಿತು.

"ಮತ್ತೆ ನನ್ನ ಹೊಟ್ಟೆ ಅಳೆದಿದ್ದು?" ಎಂದೆ, ಕೊನೆಯ ಆಸೆಯಿಂದ.

"ಈಗ ನೆನಪಾಯ್ತು ನೋಡಿ. ಡ್ರಮ್ಮನ್ನ ಸ್ವಲ್ಪ ಈಚೆಗೆ ಎಳಿಯೇ, ಗೋಡೆಗೆ ಅಂಟಿದೆ, ಸುತ್ತಳತೆ ಸಿಗ್ತಿಲ್ಲ ಅಂದ್ಳು ಅಮ್ಮ. ತುಂಬಿದೆ, ನನ್ನ ಕೈಲಾಗಲ್ಲ ಅಂದೆ. 'ಹೋಗ್ಲಿ ಬಿಡು, ಅಂಥದ್ದೇ ಇನ್ನೊಂದು ಒಳಗೆ ಮಲಗಿದೆ' ಅಂತ ನೂಲು ತಗೊಂಡು ನಿಮ್ಮ ಹತ್ರ ಹೋದ್ಳು!"

ದರ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಓಡಿದ.

ನಾನು ಸೋಲುವ ಆಸಾಮಿಯೇ? ಲೋಟ ಹಿಡಿದು ಡ್ರಮ್ಮಿನ ಎದುರು ನಿಂತೆ. "ಅತ್ತೇ, ಅಳತೆ ನನ್ನದು ಅಂದ ಮೇಲೆ, ಪ್ರತಿ ಸುತ್ತಿನಲ್ಲೂ ನನ್ನನ್ನೇ ನೆನೆಸಿಕೊಂಡು ಹೆಣೆದಿರ್ತೀರಿ. ಅಷ್ಟಾದ್ರೂ ಒಪ್ಕೊಳ್ಳಿ!" ಎಂದು ನಲ್ಲಿ ತಿರುಗಿಸಿದೆ.

ನೀಲಿ ಸ್ವೆಟರಿನೊಳಗಿಂದ ಡ್ರಮ್ಮು, "ಗುಳುಕ್!" ಎಂದಿತು.